ಎಡಕ್ಕೆ ಹತ್ತು, ಬಲಕ್ಕೆ ಹತ್ತು

ಆ ಸವಾರಿ ಶಾಲೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಹತ್ತುಹತ್ತು ಮೇಷ್ಟ್ರು. ಎಳೆಯ ಕುದುರೆಯನ್ನು ಉದ್ದ ಹಗ್ಗದ ತುದಿಗೆ ಬಿಟ್ಟು, ತಾವು ಅಂಕಣದ ನಡುವೆ ನಿಂತು, ಎಡಕ್ಕೆ ಹತ್ತು ಸುತ್ತು, ಬಲಕ್ಕೆ ಹತ್ತು ಸುತ್ತು ಎಂದು ಗಂಟಲು ಹರಿಯುವಂತೆ ಎಣಿಸುವುದು ಅವರ ಮೂವತ್ತು ವರ್ಷದ ಕಸುಬು. ಆ ಎಣಿಕೆ ಲಾಯದ ಕೊನೆಯ ಕೋಣೆಯವರೆಗೂ ಕೇಳುತ್ತಿತ್ತು. ಹುಲ್ಲು ಇಳಿಸುವವರು ಗಡಿಯಾರ ನೋಡುತ್ತಲೇ ಇರಲಿಲ್ಲ. ಮೇಷ್ಟ್ರ ಬಲದ ಹತ್ತು ಮುಗಿಯಿತೆಂದರೆ ಚಹಾದ ಹೊತ್ತಾಯಿತು ಎಂದು ಕೈ ತೊಳೆಯುತ್ತಿದ್ದರು.

ಅವಸರದವರನ್ನು ಕಂಡರೆ ಮೇಷ್ಟ್ರಿಗೆ ಆಗುತ್ತಿರಲಿಲ್ಲ. ಎಳೆಯ ಕುದುರೆ ತಂದ ವಾರಕ್ಕೇ ಜೀನು ಬಿಗಿದು ಹತ್ತುವವರನ್ನು ಅವರು ಮುಖದ ಮೇಲೇ ಬೈಯುತ್ತಿದ್ದರು. "ಕುದುರೆ ಮೇಲೆ ಕೂರೋದು ದೊಡ್ಡ ವಿದ್ಯೆಯೇನಲ್ಲ. ಬೀಳೋದಂತೂ ಯಾರೂ ಕಲಿಸದೇನೇ ಬರುತ್ತೆ. ಹೊರೋ ಮೈ ಕಟ್ಟಿಕೊಡೋದಿದೆಯಲ್ಲ, ಅದು ವಿದ್ಯೆ," ಎನ್ನುವರು. ಯಾರಾದರೂ ದುಂಡಗಿನ ಕುದುರೆ ತೋರಿಸಿ "ಮೈ ಕೈ ತುಂಬ್ಕೊಂಡಿದೆ ಅಲ್ವಾ ಮೇಷ್ಟ್ರೇ?" ಎಂದರೆ, "ಹೊಟ್ಟೆ ಬೇರೆ, ಮೈ ಬೇರೆ. ನಿಮಗೂ ಹೊಟ್ಟೆ ಇದೆ, ಹಂಗಂತ ನಿಮ್ಮ ಬೆನ್ನ ಮೇಲೆ ಒಬ್ಬರನ್ನ ಕೂರಿಸೋಕಾಗುತ್ತಾ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುವರು. ಒರಟು ಮಾತು. ಆದರೆ ಕೆಲಸ ಖರೆ. ಅವರ ಕೈಯಲ್ಲಿ ಪಳಗಿದ ಕುದುರೆಗಳು ಇಪ್ಪತ್ತು ದಾಟಿದ ಮೇಲೂ ಬೆನ್ನು ನೋವಿಲ್ಲದೆ ಮಕ್ಕಳನ್ನು ಹೊತ್ತು ತಿರುಗುತ್ತಿದ್ದವು.

ಅಂಥ ಮೇಷ್ಟ್ರ ಐವತ್ತೆಂಟನೆಯ ವರ್ಷದಲ್ಲಿ ಕೆಂಪಿ ಬಂತು. ಕಾಗದದಲ್ಲಿ ಅದಕ್ಕೆ ಒಂದು ಮೊಳ ಉದ್ದದ ಹೆಸರಿತ್ತು, ಮೇಷ್ಟ್ರಿಗೆ ಕೆಂಪಿ. ನಾಲ್ಕು ವರ್ಷ ತುಂಬದ ಹೆಣ್ಣು ಕುದುರೆ, ಇನ್ನೂ ಯಾರೂ ಹತ್ತಿರಲಿಲ್ಲ. ಹೊಟ್ಟೆ ಬಿಂದಿಗೆಯಂತೆ ಜೋತಿತ್ತು, ಬೆನ್ನೆಲುಬು ಎದ್ದು ಕಾಣುತ್ತಿತ್ತು. ಕತ್ತಿನ ಮೇಲ್ಭಾಗದಲ್ಲಿ ಇರಬೇಕಾದ ಮಾಂಸವೆಲ್ಲ ಕೆಳಭಾಗದಲ್ಲಿತ್ತು. ಮೇಷ್ಟ್ರು ಅದನ್ನು ಒಂದು ಸುತ್ತು ಬಂದು ನೋಡಿ, ಶಾಲೆಯ ಒಡತಿ ಮೇಡಂಗೆ ಹೇಳಿದರು: "ಆರು ತಿಂಗಳು ಬೇಕು. ಅಲ್ಲೀವರೆಗೂ ಇದರ ಮೇಲೆ ಒಂದು ನೊಣಾನೂ ಕೂರಬಾರದು."

ಮೇಡಂ ಒಪ್ಪಿದರು. ಮೇಷ್ಟ್ರು ಹೇಳಿದ ಮೇಲೆ ಆ ವಿಷಯದಲ್ಲಿ ಎರಡು ಮಾತು ಇರುತ್ತಿರಲಿಲ್ಲ.

ಮೊದಲ ತಿಂಗಳು ಬರೀ ನಡಿಗೆ. ಇಪ್ಪತ್ತು ನಿಮಿಷದಿಂದ ಶುರುವಾಗಿ ಒಂದು ಗಂಟೆಯವರೆಗೆ, ಹಗ್ಗ ಹಿಡಿದು ಜೊತೆಯಲ್ಲಿ ನಡೆಯುವುದು. ಎರಡನೆಯ ತಿಂಗಳು ಶಾಲೆಯ ಹಿಂದಿನ ದಿಬ್ಬ ಹತ್ತಿಸುವುದು, ಇಳಿಸುವುದು. ನೆಲದ ಮೇಲೆ ಮರದ ಗಳಗಳನ್ನು ಸಾಲಾಗಿ ಇಟ್ಟು ಒಂದೊಂದನ್ನೇ ಕಾಲೆತ್ತಿ ದಾಟಿಸುವುದು. ಹಾಗೆ ಕಾಲೆತ್ತಿದಾಗ ಹೊಟ್ಟೆ ಒಳಕ್ಕೆ ಹೋಗಿ ಬೆನ್ನು ಮೇಲಕ್ಕೇಳುತ್ತದೆ. ಹಿಮ್ಮುಖವಾಗಿ ನಾಲ್ಕು ಹೆಜ್ಜೆ ಇಡಿಸುವುದು. ಎರಡು ದಿನ ಕೆಲಸವಾದರೆ ಒಂದು ದಿನ ರಜೆ. "ಮಾಂಸ ಬೆಳೆಯೋದು ದುಡಿಯೋವಾಗಲ್ಲ, ಮಲಗಿದಾಗ" ಎಂದು ಮೇಷ್ಟ್ರು ಆ ರಜೆಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮೂರನೆಯ ತಿಂಗಳಿಂದ ಹಗ್ಗದ ಸುತ್ತು. ಎಡಕ್ಕೆ ಹತ್ತು, ಬಲಕ್ಕೆ ಹತ್ತು.

ಎಡವಟ್ಟಾಗಿದ್ದು ಇಲ್ಲೇ.

ಎಷ್ಟೋ ವರ್ಷದ ಹಿಂದೆ ಒಂದು ಕುದುರೆ ಮೇಷ್ಟ್ರನ್ನು ಕೆಡವಿ ಅವರ ಬಲಗಾಲಿನ ಮೇಲೇ ಉರುಳಿತ್ತು. ಆಗ ವಾಸಿಯಾದ ಮಂಡಿ, ಸಾಲ ಕೊಟ್ಟವನು ಸರಿಯಾದ ಹೊತ್ತು ನೋಡಿ ಬಂದಂತೆ, ಈ ವರ್ಷ ಬಂದು ಬಾಗಿಲು ತಟ್ಟಿತು. ನಡೆಯುವಾಗ ಅಷ್ಟಿಲ್ಲ. ಆದರೆ ಕುದುರೆ ಬಲಕ್ಕೆ ಸುತ್ತುವಾಗ ನಡುವೆ ನಿಂತವನು ಬಲಗಾಲನ್ನು ಊರಿ, ಅದರ ಮೇಲೇ ತಿರುಗುತ್ತ ಹೋಗಬೇಕು. ಆಗ ಮಂಡಿಯೊಳಗೆ ಯಾರೋ ದಬ್ಬಳ ಹಾಕಿ ತಿರುವಿದಂತಾಗುತ್ತಿತ್ತು. ಎಡದ ಸುತ್ತಿಗೆ ಈ ಕಾಟವಿರಲಿಲ್ಲ.

ಹೇಳಬಹುದಿತ್ತಲ್ಲ ಎಂದರೆ, ಹೇಳಬಹುದಿತ್ತು. ಆದರೆ ಹಿಂದಿನ ವರ್ಷವಷ್ಟೇ, ಲಾಳ ಕಟ್ಟುವ ಮುದುಕ ಸೊಂಟ ಹಿಡಿದುಕೊಂಡು ಬಗ್ಗಿದ್ದನ್ನು ಮೇಡಂ ಎರಡು ಸಲ ಕಂಡರು. ಮೂರನೆಯ ಸಲಕ್ಕೆ ಅವನಿಗೆ ಒಂದು ಹಾರ, ಒಂದು ಗೋಡೆ ಗಡಿಯಾರ, "ಇನ್ನು ಆರಾಮವಾಗಿರಿ" ಎಂಬ ಮಾತು. ಆರಾಮವಾಗಿರಬೇಕಾದವನು ಈಗ ದಿನಾ ಶಾಲೆಯ ಗೇಟಿನ ಆಚೆ ನಿಂತು ಒಳಗೆ ನೋಡುತ್ತಿದ್ದ. ಮೇಷ್ಟ್ರಿಗೆ ಆ ಗಡಿಯಾರ ಬೇಕಿರಲಿಲ್ಲ. ಪ್ಯಾಂಟಿನೊಳಗೆ ಮಂಡಿಗೆ ಬಟ್ಟೆ ಬಿಗಿದುಕೊಂಡು ಬರತೊಡಗಿದರು. ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೇ. ಸಂಜೆ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದವಳು ಅವಳೇ ತಾನೆ.

ಬಲದ ಹತ್ತು ಎಂಟಾಯಿತು. ನಾಳೆ ಎರಡು ಸೇರಿಸಿ ಹನ್ನೆರಡು ಮಾಡಿದರಾಯಿತು ಎಂದುಕೊಂಡರು. ಆ ನಾಳೆ ಬರಲಿಲ್ಲ. ಎಂಟು ಆರಾಯಿತು, ಐದಾಯಿತು. ಆದರೆ ಬಾಯಿ ಮಾತ್ರ ಹತ್ತನ್ನು ಬಿಡಲಿಲ್ಲ. ಅರ್ಧ ಸುತ್ತಿಗೇ ಒಂದು, ಇನ್ನರ್ಧಕ್ಕೆ ಎರಡು ಎಂದು ಕೂಗಿ, ಲಾಯಕ್ಕೆಲ್ಲ ಕೇಳುವಂತೆ ಹತ್ತು ಮುಗಿಸಿಬಿಡುತ್ತಿದ್ದರು. ಹುಲ್ಲು ಇಳಿಸುವವರು ಚಹಾಕ್ಕೆ ತುಸು ಬೇಗನೇ ಕೈ ತೊಳೆಯುತ್ತಿದ್ದರು. ಅದರಿಂದ ಅವರಿಗೇನೂ ನಷ್ಟವಿರಲಿಲ್ಲ. ಮೂವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ತನ್ನ ಕಿವಿಗೇ ಹೂವಿಟ್ಟುಕೊಳ್ಳುತ್ತಿದ್ದ.

ಕೆಂಪಿಗೆ ಜೀನು ಮಾಡುತ್ತಿದ್ದವನು ಬೇರೆ ಯಾರೂ ಅಲ್ಲ, ಮೇಷ್ಟ್ರ ಹೆಂಡತಿಯ ತಮ್ಮ. ಎರಡು ಬೀದಿ ಆಚೆ, ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಕಿಟಕಿಯ ಬಳಿ ಒಂದು ಮೇಜು, ಮೇಣ ಸವರಿದ ದಾರದ ಉಂಡೆಗಳು, ಗೋಡೆಗೆ ತೂಗುಬಿಟ್ಟ ಚರ್ಮ. ಮಾತು ಕಡಿಮೆ, ಕೈ ಚುರುಕು. ಶಾಲೆಯ ಅಷ್ಟೂ ಜೀನುಗಳು ಅವನ ಕೈಯವೇ, ಬೇರೆ ಗಿರಾಕಿ ಎಂದು ಅವನಿಗೆ ಹೆಚ್ಚು ಇರಲೂ ಇಲ್ಲ. ಅವನದೊಂದು ಪದ್ಧತಿಯಿತ್ತು. ಮೈ ಕಟ್ಟುತ್ತಿರುವ ಕುದುರೆಯ ಬಳಿ ತಿಂಗಳಿಗೊಮ್ಮೆ ಬರುವನು. ಬಗ್ಗಿಸಿದಂತೆ ಬಗ್ಗುವ ಒಂದು ಸೀಸದ ಪಟ್ಟಿಯನ್ನು ಅದರ ಹೆಗಲ ಹಿಂದೆ, ಬೆನ್ನ ಮೇಲೆ ಅಡ್ಡಲಾಗಿ ಒತ್ತಿ, ಆಕಾರ ಕೆಡದಂತೆ ಎತ್ತಿ ಕಾಗದದ ಮೇಲಿಟ್ಟು ಗೆರೆ ಎಳೆದುಕೊಳ್ಳುವನು. ಕೆಳಗೆ ತಾರೀಖು. ಕುದುರೆಯ ಬೆನ್ನು ಎತ್ತ ಬೆಳೆಯುತ್ತಿದೆ ಎಂದು ಅವನಿಗೆ ಆ ಕಾಗದಗಳು ಹೇಳುತ್ತಿದ್ದವು.

ನಾಲ್ಕನೆಯ ತಿಂಗಳು ಗೆರೆ ಎಳೆದವನು ಕಾಗದವನ್ನು ಭಾವನ ಮುಂದೆ ಹಿಡಿದ.

"ಭಾವ, ಬಲಗಡೆ ಸ್ವಲ್ಪ ಕಮ್ಮಿ ಕಾಣ್ತಿದೆಯಲ್ಲ?"

ಮೇಷ್ಟ್ರಿಗೆ ಎಲ್ಲಿತ್ತೋ ಸಿಟ್ಟು. "ನೀನು ಚರ್ಮ ನೋಡ್ಕೋ. ಮಾಂಸ ನಂಗೆ ಬಿಡು," ಎಂದರು.

ಅವನು ಕಾಗದ ಸುರುಳಿ ಸುತ್ತಿಕೊಂಡ. ಹೊರಡುವ ಮುಂಚೆ ಭಾವನ ಬಲ ಮಂಡಿಯ ಕಡೆ ಒಮ್ಮೆ ನೋಡಿದ. ಪ್ಯಾಂಟು ಅಲ್ಲಿ ಉಬ್ಬಿತ್ತು. ಮತ್ತೆ ಆ ಮಾತೆತ್ತಲಿಲ್ಲ.

ಆರು ತಿಂಗಳು ತುಂಬಿತು. ಜೀನು ಬಂತು. ಶಾಲೆಯಲ್ಲಿ ಮಕ್ಕಳಿಗೆ ಸವಾರಿ ಕಲಿಸುವ ಹುಡುಗಿಯೊಬ್ಬಳಿದ್ದಳು, ಹಗುರ ಮೈಯವಳು. ಕೆಂಪಿಯ ಮೇಲೆ ಮೊದಲು ಕೂರಬೇಕಾದವಳು ಅವಳೇ ಎಂದು ಮೇಷ್ಟ್ರು ಗೊತ್ತು ಮಾಡಿದ್ದರು. ಮೇಡಂ ಬಂದು ಬೇಲಿಗೆ ಒರಗಿ ನಿಂತರು. ನಡಿಗೆ ಚೆನ್ನಾಗಿಯೇ ಆಯಿತು. ಕುಲುಕು ಓಟಕ್ಕೆ ಬಿಟ್ಟದ್ದೇ ತಡ, ಜೀನು ಒಂದೊಂದೇ ಬೆರಳು ಬಲಕ್ಕೆ ಜಾರತೊಡಗಿತು. ಹುಡುಗಿ ಎರಡು ಸಲ ಸರಿಪಡಿಸಿಕೊಂಡಳು. ಮೂರನೆಯ ಸಲಕ್ಕೆ ಜೀನೂ ಅವಳೂ ಒಟ್ಟಿಗೇ ಉರುಳಿದರು. ಬಿದ್ದ ರಭಸಕ್ಕೆ ಅವಳ ಮಣಿಕಟ್ಟು ಉಳುಕಿತು. ಕೆಂಪಿ ಹೊಟ್ಟೆಯ ಕೆಳಗೆ ಜೀನು ನೇತಾಡಿಸಿಕೊಂಡು ಅಂಕಣವಿಡೀ ಓಡಿತು. ಆರು ತಿಂಗಳು ಕಟ್ಟಿದ ನಂಬಿಕೆ ಅರ್ಧ ನಿಮಿಷದಲ್ಲಿ ಹೋಯಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಕಳ್ಳ ಎಂದಿರಲಿಲ್ಲ, ಮೇಷ್ಟ್ರ ಕೈ ತಾನೇ ಮಂಡಿಗೆ ಹೋಗಿತ್ತು. ಅಲ್ಲಿಂದ ಕೈ ತೆಗೆದು ಜೀನನ್ನು ಬಿಚ್ಚಿ ಬೋರಲು ಹಾಕಿದರು. ಅಡಿಯಲ್ಲಿರುವ ಎರಡು ಮೆತ್ತೆಗಳನ್ನು ಅಂಗೈಯಿಂದ ಒತ್ತಿ ನೋಡಿದರು. ಬಲದ ಮೆತ್ತೆ ಎಡದ್ದಕ್ಕಿಂತ ದಪ್ಪವಿತ್ತು. ಮತ್ತೆ ಒತ್ತಿದರು. ಅನುಮಾನವೇ ಇಲ್ಲ. ಆ ಗಳಿಗೆಯಲ್ಲಿ ಅವರಿಗೆ ಆದದ್ದು ಸಿಟ್ಟಲ್ಲ, ನಿರಾಳ. ಅಬ್ಬಾ, ತಪ್ಪು ಇಲ್ಲಿದೆ, ನನ್ನಲ್ಲಿಲ್ಲ! ಸಿಟ್ಟು ಆಮೇಲೆ ಬಂತು, ಜೋರಾಗಿಯೇ ಬಂತು.

ಭಾವಮೈದುನನೂ ಅಲ್ಲೇ ನಿಂತಿದ್ದ. ತಾನು ಮಾಡಿದ ಜೀನು ಮೊದಲ ದಿನ ಹೇಗೆ ಕೂರುತ್ತದೆ ಎಂದು ನೋಡಲು ಬರುವುದು ಅವನ ವಾಡಿಕೆ. ಮೇಷ್ಟ್ರು ಚಾಕು ತೆಗೆದು ಅವನ ಕಣ್ಣೆದುರೇ ಬಲದ ಮೆತ್ತೆಯ ಹೊಲಿಗೆ ಸೀಳಿ, ಒಳಗಿನ ಉಣ್ಣೆಯನ್ನು ಹಿಡಿಯಷ್ಟು ಎಳೆದು ಮೇಡಂ ಮುಂದೆ ಹಿಡಿದರು.

"ನೋಡಿ ಮೇಡಂ, ಒಂದು ಕಡೆ ಇಷ್ಟು, ಇನ್ನೊಂದು ಕಡೆ ಅಷ್ಟು! ಕಣ್ಣು ಮುಚ್ಕೊಂಡು ತುಂಬಿದ್ದಾನೆ. ಇದರ ಮೇಲೆ ದೇವರೇ ಕೂತ್ರೂ ಬೀಳ್ತಾನೆ."

"ಏನಪ್ಪಾ ಇದು?" ಎಂದು ಮೇಡಂ ಅವನನ್ನು ಕೇಳಿದರು. "ಬೇಕಂತ ಹಿಂಗೆ ತುಂಬಿದ್ಯಾ, ಇಲ್ಲ ಗೊತ್ತಾಗ್ದೆ ಆಯ್ತಾ?"

ಅವನು ಭಾವನ ಮುಖ ನೋಡಿದ. ಆಮೇಲೆ ಅದೇ ಮಂಡಿಯನ್ನು ನೋಡಿದ. ಬಾಯಿಂದ ಬಂದದ್ದು ಇಷ್ಟೇ: "ಗೊತ್ತಾಗ್ದೆ ಆಯ್ತು ಮೇಡಂ. ತಪ್ಪಾಯ್ತು."

ಅಷ್ಟಕ್ಕೆ ಅವನ ಹದಿನೇಳು ವರ್ಷದ ಕೆಲಸ ಮುಗಿಯಿತು. ಸೀಳಿದ ಜೀನನ್ನು ಹೆಗಲ ಮೇಲೆ ಹಾಕಿಕೊಂಡು ಗೇಟು ದಾಟಿ ಹೋದ. ಲಾಳದ ಮುದುಕ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಸುದ್ದಿ ಮೇಷ್ಟ್ರಿಗಿಂತ ಮುಂಚೆ ಮನೆ ಮುಟ್ಟಿತ್ತು. ಹೆಂಡತಿ ತಮ್ಮನ ಮನೆಗೆ ಹೋಗಿಬಂದಿದ್ದಳು. ಮೇಷ್ಟ್ರು ಚಪ್ಪಲಿ ಬಿಡುತ್ತಲೇ ಶುರು ಮಾಡಿದರು: "ನಿನ್ನ ತಮ್ಮ ಇವತ್ತು ನನ್ನ ಮರ್ಯಾದೆ..."

"ಕೂತ್ಕೊಳಿ," ಎಂದಳು ಅವಳು.

ಊಟದ ಮೇಜಿನ ಮೇಲೆ, ತಮ್ಮ ಗೆರೆ ಎಳೆದಿಟ್ಟಿದ್ದ ಆರು ಕಾಗದಗಳನ್ನು ಹರವಿದಳು. "ನಾನು ಓದಿದವಳಲ್ಲ, ಕುದುರೆ ಹತ್ತಿದವಳೂ ಅಲ್ಲ. ಆದ್ರೆ ಇದು ನಂಗೂ ಕಾಣುತ್ತೆ ರೀ. ಮೊದಲನೇದು ನೋಡಿ, ಎರಡೂ ಕಡೆ ಒಂದೇ. ಎರಡನೇದೂ ಒಂದೇ. ಇಲ್ಲಿಂದ ನೋಡಿ. ಎಡಗಡೆ ಗುಡ್ಡ ಬೆಳೀತಾ ಹೋಗಿದೆ. ಬಲಗಡೆ ಹಂಗೇ ಹಳ್ಳ."

ಮೇಷ್ಟ್ರು ನೋಡಿದರು. ಗೆರೆಗಳ ಕೆಳಗಿನ ತಾರೀಖುಗಳನ್ನೂ ನೋಡಿದರು.

"ಬಲಗಡೆ ಉಣ್ಣೆ ಜಾಸ್ತಿ ತುಂಬಿದ್ದು ಕಣ್ಣು ಮುಚ್ಕೊಂಡಲ್ಲ. ಆ ಹಳ್ಳ ಮುಚ್ಚೋಕೆ. ನಿಮ್ಮ ಮಂಡಿ ವಿಷಯ ಮೇಡಂಗೆ ಗೊತ್ತಾಗದಿರಲಿ, ಭಾವನ ಕೆಲಸ ಹೋಗದಿರಲಿ, ಜೀನಲ್ಲೇ ಹೆಂಗಾದ್ರೂ ಸರಿದೂಗಿಸೋಣ ಅಂತ. ಮಾಂಸ ಇಲ್ಲದ ಕಡೆ ಬರೀ ಉಣ್ಣೆ ಎಷ್ಟು ಹೊತ್ತು ತಡೆಯುತ್ತೆ? ನಿಮ್ಮ ತಪ್ಪನ್ನ ಅವನು ಒಳಗಿಟ್ಟು ಹೊಲಿದಿದ್ದ. ನೀವು ಅದನ್ನೇ ಸೀಳಿ ನಾಲ್ಕು ಜನಕ್ಕೆ ತೋರಿಸಿ ಬಂದ್ರಿ." ಅವಳ ದನಿ ಏರಲೇ ಇಲ್ಲ. "ಕುಣಿಯೋಕೆ ಬರದವಳು ಅಂಗಳ ಡೊಂಕು ಅಂದ್ಲಂತೆ. ಗಾದೆ ನಿಮಗೋಸ್ಕರಾನೇ ಮಾಡಿದ್ದು."

ಮೇಷ್ಟ್ರು ಮರುದಿನ ಎಲ್ಲರಿಗಿಂತ ಮುಂಚೆ ಲಾಯಕ್ಕೆ ಹೋದರು. ಕೆಂಪಿಯ ಹಿಂದೆ ಬಕೆಟ್ಟನ್ನು ಬೋರಲು ಹಾಕಿದರು. ಬಕೆಟ್ಟಿನ ಮೇಲೆ ನಿಂತು ಕುದುರೆಯ ಬೆನ್ನನ್ನು ಹಿಂದಿನಿಂದ, ಮೇಲಿನಿಂದ ನೋಡಬೇಕು, ಪಕ್ಕದಿಂದ ನೋಡಿದರೆ ಎಲ್ಲ ಕುದುರೆಯೂ ಚೆಂದ ಎಂದು ಹೊಸಬರಿಗೆಲ್ಲ ಕಲಿಸಿದವರು ಅವರೇ. ಮೂರು ತಿಂಗಳಿಂದ ಅವರು ಬಕೆಟ್ಟು ಹತ್ತಿರಲಿಲ್ಲ, ಮಂಡಿ ಬಿಟ್ಟಿರಲಿಲ್ಲ. ಈಗ ಗೋಡೆ ಹಿಡಿದು ಹತ್ತಿದರು. ನೋಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೆನ್ನೆಲುಬಿನ ಎಡಕ್ಕೆ ದುಂಡಗೆ, ಗಟ್ಟಿಯಾಗಿ, ಅವರು ಹೆಮ್ಮೆಪಡುವಂಥ ಮಾಂಸವಿತ್ತು. ಬಲಕ್ಕೆ ಒಂದು ಕೈ ಇಡುವಷ್ಟು ತಗ್ಗಿತ್ತು. ಮೊದಲೇ ಗೊತ್ತಿರಲಿಲ್ಲ ಎಂದರೆ ಸುಳ್ಳು, ಗೊತ್ತಿತ್ತು ಎಂದರೂ ಪೂರ್ತಿ ನಿಜವಲ್ಲ. ನೋಡಬಾರದು ಎಂದುಕೊಂಡವನಿಗೆ ಏನು ತಾನೆ ಕಾಣುತ್ತದೆ?

ಹೇಳಿಯೇ ಬಿಡುವುದು ಎಂದು ಮೇಡಂ ಕೋಣೆಗೆ ಹೋದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡರು. ಮೇಡಂ ಫೋನಿನಲ್ಲಿ ಯಾವುದೋ ಬೇರೆ ಊರಿನ ಜೀನಿನ ಕಂಪನಿಯವರ ಜೊತೆ ಮಾತಾಡುತ್ತಿದ್ದರು. ಮೇಷ್ಟ್ರನ್ನು ಕಂಡು ಫೋನಿಟ್ಟು, ಕುರ್ಚಿ ತೋರಿಸಿದರು.

"ಬನ್ನಿ ಮೇಷ್ಟ್ರೇ. ನಿಮ್ಮನ್ನೇ ನೆನೆಸ್ಕೊಳ್ತಿದ್ದೆ. ಸ್ವಂತ ಭಾವಮೈದುನ ಅಂತ ಮುಖ ನೋಡದೆ ತಪ್ಪನ್ನ ತಪ್ಪು ಅಂದ್ರಲ್ಲ, ಇನ್ನೊಬ್ಬರಾಗಿದ್ರೆ ಮುಚ್ಚಿಹಾಕ್ತಿದ್ರು. ಇನ್ನೂ ಎರಡು ಎಳೇ ಕುದುರೆ ಬರ್ತಿವೆ. ನಿಮ್ಮ ಕೈಗೇ ಕೊಡೋದು. ಏನೋ ಹೇಳೋಕೆ ಬಂದಿದ್ರಲ್ಲ?"

ಮೇಷ್ಟ್ರು ಕುರ್ಚಿಯಲ್ಲಿ ಕೂತರು. ಮೇಡಂ ತಲೆಯ ಹಿಂದೆ ಗೋಡೆಯ ಮೇಲೆ ಒಂದು ಗಡಿಯಾರವಿತ್ತು. ಲಾಳದ ಮುದುಕನಿಗೆ ಕೊಟ್ಟಿದ್ದೂ ಅಂಥದ್ದೇ.

"ಏನಿಲ್ಲ ಮೇಡಂ. ಕೆಂಪಿ ಹೆದರಿದೆ. ಎರಡು ಮೂರು ತಿಂಗಳು ಜೀನು ಬೇಡ ಅಂತ ಹೇಳೋಕೆ ಬಂದೆ," ಎಂದರು.

ಮೊದಲು ಕುದುರೆಯನ್ನು ಸರಿ ಮಾಡೋಣ, ಆಮೇಲೆ ಹೇಳಿದರಾಯಿತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಬಲದ ಎರಡು ಸುತ್ತನ್ನು ನಾಳೆಗೆ ಹಾಕಿದ್ದೂ ಹೀಗೇ ಅಲ್ಲವೆ?

ಕೆಲಸ ಮಾತ್ರ ಮೈಗಳ್ಳತನವಿಲ್ಲದೆ ಮಾಡಿದರು. ಅದನ್ನು ಒಪ್ಪಬೇಕು. ಸುತ್ತು ಬಿಟ್ಟು ಮತ್ತೆ ನಡಿಗೆಯಿಂದ ಶುರು ಮಾಡಿದರು. ಈ ಸಲ ಕೆಂಪಿಯ ಬಲಗಡೆಗೆ ನಿಂತು ಬಲಕ್ಕೇ ತಿರುಗಿಸುತ್ತ ನಡೆದರು. ದಿಬ್ಬವನ್ನು ಅಡ್ಡಡ್ಡಲಾಗಿ ಹತ್ತಿಸಿದರು. ಐದನೆಯ ವಾರ ಹಗ್ಗ ಹಿಡಿದು ಬಲಗಾಲೂರಿ ಹತ್ತು ಸುತ್ತು, ಪೂರ್ತಿ ಹತ್ತು, ತಿರುಗಿಸಿದರು. ಹಲ್ಲು ಕಚ್ಚಿಕೊಂಡಿದ್ದರಿಂದ ಎಣಿಕೆ ಸರಿಯಾಗಿ ಹೊರಗೆ ಬರುತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ಮಂಡಿ ಕುಂಬಳಕಾಯಿಯಷ್ಟಾಗಿರುತ್ತಿತ್ತು. ಹೆಂಡತಿ ಎಣ್ಣೆ ಕಾಯಿಸಿ ಬಟ್ಟಲನ್ನು ಪಕ್ಕದಲ್ಲಿಟ್ಟು ಒಳಗೆ ಹೋಗುತ್ತಿದ್ದಳು. ತಿಕ್ಕುವುದನ್ನು ನಿಲ್ಲಿಸಿದ್ದಳು.

ಎರಡೂವರೆ ತಿಂಗಳಿಗೆ ಕೆಂಪಿಯ ಬೆನ್ನು ಸಮವಾಯಿತು. ಅದೇ ವಾರ ಕಂಪನಿಯ ಜೀನೂ ಬಂತು. ಮಣಿಕಟ್ಟು ವಾಸಿಯಾಗಿದ್ದ ಹುಡುಗಿ ಹತ್ತಿದಳು. ನಡಿಗೆ, ಕುಲುಕು ಓಟ, ಆಮೇಲೆ ನಾಗಾಲೋಟ. ಜೀನು ಎಳ್ಳಷ್ಟೂ ಅಲುಗಲಿಲ್ಲ. ಕತ್ತು ಬಾಗಿಸಿ, ಬೆನ್ನೆತ್ತಿ ಓಡುವ ಕೆಂಪಿಯನ್ನು ಹುಲ್ಲು ಇಳಿಸುವವರು ಕೂಡ ಕೆಲಸ ಬಿಟ್ಟು ನೋಡಿದರು.

ಮೇಡಂ ಎಲ್ಲರೆದುರಿಗೆ ಹೇಳಿದರು: "ನೋಡಿದ್ರಾ? ನಮ್ಮ ಮೇಷ್ಟ್ರು ಅವತ್ತೇ ಹೇಳಿದ್ರು, ಕುದುರೇದೇನೂ ತಪ್ಪಿಲ್ಲ, ಎಲ್ಲಾ ಆ ಜೀನಿಂದೇ ಅಂತ. ಸರಿಯಾದ ಜೀನು ಹಾಕಿದ ತಕ್ಷಣ ಹೆಂಗೆ ಓಡ್ತಿದೆ! ನಿಮ್ಮ ಮಾತೇ ಸರಿ ಅಲ್ವಾ ಮೇಷ್ಟ್ರೇ?"

ಎಲ್ಲರೂ ಮೇಷ್ಟ್ರ ಮುಖ ನೋಡುತ್ತಿದ್ದರು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿರಲಿಲ್ಲ. ಕುದುರೆ ಸರಿಯಾಗಿತ್ತು, ಹುಡುಗಿ ಸುಖವಾಗಿದ್ದಳು. ಹೋಗುವುದಿದ್ದರೆ ಅವರ ಕೆಲಸ ಹೋಗಬೇಕಿತ್ತು, ಬರುವುದಿದ್ದರೆ ಭಾವಮೈದುನನ ಕೆಲಸ ಬರಬೇಕಿತ್ತು.

"ಹೌದು ಮೇಡಂ," ಎಂದರು ಮೇಷ್ಟ್ರು.

ಆ ಸಂಜೆ ಅವರು ಮನೆಗೆ ಹೋಗಲಿಲ್ಲ. ಲಾಯದ ಬೀರುವಿನಲ್ಲಿ ಒಂದು ಹಳೆಯ ಸೀಸದ ಪಟ್ಟಿಯಿತ್ತು. ಅದನ್ನು ಕೆಂಪಿಯ ಬೆನ್ನಿಗೆ ಒತ್ತಿ, ಅಭ್ಯಾಸವಿಲ್ಲದ ಕೈಯಲ್ಲಿ ಕಾಗದದ ಮೇಲೆ ಗೆರೆ ಎಳೆದು, ತಾರೀಖು ಹಾಕಿ, ಎರಡು ಬೀದಿ ಆಚೆಗೆ ನಡೆದರು. ಏಕೆ ಎಂದು ಅವರಿಗೇ ತಿಳಿದಿರಲಿಲ್ಲ. ಒಳ್ಳೆಯ ಸುದ್ದಿ ಒಯ್ದರೆ ಕೆಟ್ಟದ್ದು ತುಸು ಕಮ್ಮಿಯಾದೀತು ಎಂದಿರಬೇಕು.

ಮುಂದಿನ ಕೋಣೆಯಲ್ಲಿ ಚರ್ಮ ಇರಲಿಲ್ಲ. ಗೋಡೆಯುದ್ದಕ್ಕೂ ಶಾಲಾಚೀಲಗಳ ರಾಶಿ. ಯಾರೋ ಅಂಗಡಿಯವರು ಕೊಟ್ಟ ಹರಿದ ಚೀಲಗಳಿಗೆ ಅವನು ಹೊಸ ಪಟ್ಟಿ ಹೊಲಿಯುತ್ತಿದ್ದ. ಜೀನು ಹೊಲಿದ ಕೈ, ಅದೇ ಮೇಣದ ದಾರ.

"ಬನ್ನಿ ಭಾವ," ಎಂದ. ಏಳಲಿಲ್ಲ.

ಮೇಷ್ಟ್ರು ಕಾಗದ ಮುಂದಿಟ್ಟರು. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ನಡುವೆ ಮಡಿಸಿ, ಎರಡು ಅರ್ಧಗಳೂ ಒಂದರ ಮೇಲೊಂದು ಕೂರುತ್ತವೆಯೇ ಎಂದು ನೋಡಿದ. ಕೂತವು. ಅವನ ಮುಖದಲ್ಲಿ ನಿಜವಾದ ಸಂತೋಷ ಕಂಡಿತು. ಮೇಷ್ಟ್ರಿಗೆ ತಡೆಯಲಾಗದ್ದು ಅದೇ.

"ಚೆನ್ನಾಗಿ ಮೈ ಕಟ್ಟಿದೀರಾ ಭಾವ. ಒಂದು ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಪಾಪ, ಆ ಮಂಡೀಲಿ..." ಎಂದವನು ಅದನ್ನು ಅಲ್ಲಿಗೇ ಬಿಟ್ಟು ಕೇಳಿದ: "ಮೇಡಂಗೆ ಹೇಳಿದ್ರಾ?"

ಮೇಷ್ಟ್ರು ಚೀಲದ ರಾಶಿ ನೋಡಿದರು.

ಅವನು ಇನ್ನೊಮ್ಮೆ ಕೇಳಲಿಲ್ಲ. ಮೇಜಿನ ಕೆಳಗಿನಿಂದ ಹಳೆಯ ಆರು ಕಾಗದಗಳನ್ನು ತೆಗೆದ. ಅಕ್ಕ ಹಿಂದಕ್ಕೆ ತಂದುಕೊಟ್ಟಿದ್ದಳು. ಹೊಸದನ್ನೂ ಸೇರಿಸಿ ಏಳನ್ನೂ ಒಟ್ಟಿಗೆ ಸುತ್ತಿ, ದಾರ ಕಟ್ಟಿ, ಮೇಷ್ಟ್ರ ಕೈಗೆ ಕೊಟ್ಟ.

"ಇವು ನಿಮ್ಮ ಹತ್ರಾನೇ ಇರ್ಲಿ ಭಾವ. ನಂಗಿನ್ನು ಅಳೆಯೋಕೆ ಯಾವ ಬೆನ್ನೂ ಇಲ್ಲ," ಎಂದು ಹೇಳಿ, ಒಂದು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ.

ಮುಂದಿನ ತಿಂಗಳು ಹೊಸ ಕುದುರೆಗಳು ಬಂದವು. ಮೇಷ್ಟ್ರು ಅವನ್ನು ಎಡಕ್ಕೆ ಹತ್ತು, ಬಲಕ್ಕೆ ಹತ್ತು ತಪ್ಪದೆ ಸುತ್ತಿಸುತ್ತಾರೆ, ಕುಂಟುವುದನ್ನು ಈಗ ಮುಚ್ಚಿಡುವುದೂ ಇಲ್ಲ. ಮೇಡಂ ಅದನ್ನು ಕಂಡರೂ ಏನೂ ಅನ್ನುವುದಿಲ್ಲ. ಅಂಥ ನಂಬಿಗಸ್ತ ಮನುಷ್ಯನನ್ನು ಯಾರಾದರೂ ಕಳೆದುಕೊಳ್ಳುತ್ತಾರೆಯೇ? ಎಲ್ಲರೂ ಅವರನ್ನು ಇನ್ನೂ ಹತ್ತುಹತ್ತು ಮೇಷ್ಟ್ರು ಎಂದೇ ಕರೆಯುತ್ತಾರೆ. ಆದರೆ ಹುಲ್ಲು ಇಳಿಸುವವರು ಚಹಾದ ಹೊತ್ತಿಗೆ ಗಡಿಯಾರ ನೋಡಬೇಕಾಗಿದೆ. ಮೇಷ್ಟ್ರು ಬಾಯಿಬಿಟ್ಟು ಎಣಿಸುವುದನ್ನು ನಿಲ್ಲಿಸಿದ್ದಾರೆ.